ಜನಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಹಳ್ಳಿಗೆ ಬಸ್ಸು ನಿರಾಕರಿಸುವುದು ಎಷ್ಟು ಸರಿ?

ಕೊಪ್ಪ ಸೀಮೆಯವರು (ಚರ್ಚೆ ಆರಂಭಿಸಿದವರು)

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಗ್ರಾಮ. ಬಯಲುಸೀಮೆಯವರು ಕಲ್ಪಿಸಿಕೊಳ್ಳುವಂತೆ ಇಲ್ಲಿ ಮನೆಗಳೆಲ್ಲ ಒಂದೇ ಕಡೆ ಗುಂಪಾಗಿಲ್ಲ. ಗುಡ್ಡದ ಈಚೆಗೆ ಮೂರು ಮನೆ, ಹಳ್ಳದ ಆಚೆಗೆ ಐದು, ಅಡಿಕೆ ತೋಟದ ತಲೆಯಲ್ಲಿ ಒಂಟಿ ಮನೆ, ಹೀಗೆ ಹರಡಿಕೊಂಡಿರುವ ಮಜರೆಗಳಿಗೆಲ್ಲ ಸೇರಿ ಕಂದಾಯ ದಾಖಲೆಯಲ್ಲಿ ಒಂದೇ ಹೆಸರಿದೆ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಹೋಗಿ ಸಂಜೆ ಹಿಂದಿರುಗುವ ಒಂದು ಬಸ್ಸು ಬೇಕೆಂದು ನಾವು ಹಲವು ವರ್ಷಗಳಿಂದ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಕಳುಹಿಸುತ್ತಿದ್ದೇವೆ. ಬಂದ ಉತ್ತರದ ಸಾರಾಂಶ ಇಷ್ಟೇ: ಗ್ರಾಮದ ಜನಸಂಖ್ಯೆ ಕಡಿಮೆಯಿದೆ, ಆದ್ದರಿಂದ ಮಾರ್ಗ ಲಾಭದಾಯಕವಾಗುವುದಿಲ್ಲ.

ಜನಸಂಖ್ಯೆ ಕಡಿಮೆಯಿರುವುದು ನಿಜ. 2001ರ ಜನಗಣತಿಯಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಆ ಹತ್ತು ವರ್ಷಗಳಲ್ಲಿ ಶೇಕಡ 15ಕ್ಕೂ ಹೆಚ್ಚು ಬೆಳೆದಾಗ, ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಹಿಗ್ಗಿದಾಗ, ನಮ್ಮ ಜಿಲ್ಲೆ ಕುಗ್ಗಿತು. ಕಾಫಿ ಬೆಲೆಯ ಕುಸಿತ, ಅಡಿಕೆಯ ಹಳದಿ ಎಲೆ ರೋಗ, ಓದಿದ ಮಕ್ಕಳು ಊರು ಬಿಟ್ಟದ್ದು, 2005ರ ಕೊನೆಯಲ್ಲಿ ಕುದುರೆಮುಖದ ಗಣಿಗಾರಿಕೆ ನಿಂತು ಅಲ್ಲಿನ ವಸತಿ ಪಟ್ಟಣ ಖಾಲಿಯಾದದ್ದು, ಇವೆಲ್ಲ ಕಾರಣಗಳ ಸಾಲಿನಲ್ಲಿವೆ. ಆದರೆ ಬಸ್ಸಿಲ್ಲದಿರುವುದೂ ಜನ ಊರು ಬಿಡುವುದಕ್ಕೆ ಒಂದು ಕಾರಣವಲ್ಲವೇ? ಹೈಸ್ಕೂಲು ಮುಗಿಸಿದ ಹುಡುಗಿಯನ್ನು ಮುಂದಕ್ಕೆ ಓದಿಸಬೇಕಾದರೆ ಪಟ್ಟಣದಲ್ಲಿ ಮನೆ ಮಾಡಬೇಕು, ಮನೆ ಮಾಡಿದ ಮೇಲೆ ತಾಯಿಯೂ ಅಲ್ಲಿಗೆ ಹೋಗಬೇಕು. ಹೀಗೆ ಒಂದು ಮನೆಯಿಂದ ಎರಡು ತಲೆ ಕಡಿಮೆಯಾದ ಮೇಲೆ, ಅದೇ ಲೆಕ್ಕವನ್ನು ನಮ್ಮ ಮುಂದೆ ಹಿಡಿದು ಬಸ್ಸು ಕೊಡುವುದಿಲ್ಲ ಎನ್ನುತ್ತಾರೆ.

ಹಿಂದೆ ನಮ್ಮ ಸೀಮೆಯಲ್ಲಿ ಸಹಕಾರ ಸಾರಿಗೆಯ ಬಸ್ಸುಗಳಿದ್ದವು. ಖಾಸಗಿ ಸಾರಿಗೆ ಸಂಸ್ಥೆಯೊಂದು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಂಘವದು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಅದರ ಒಡೆಯರು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು, ಬೇರೆ ಯಾರೂ ಹೋಗದ ದಾರಿಗಳಲ್ಲಿ ಓಡಾಡುತ್ತಿದ್ದ ಆ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತವು. ಆ ಬಳಿಕ ನಮ್ಮಂಥ ಊರುಗಳಿಗೆ ಜೀಪು, ಆಟೋ, ಸ್ವಂತ ಬೈಕುಗಳೇ ಗತಿ.

ಬಲ್ಲವರಲ್ಲಿ ನನ್ನ ಪ್ರಶ್ನೆ: ಊರಿಗೆ ಬಸ್ಸು ಬರಬೇಕಾದರೆ ಇಷ್ಟು ಜನಸಂಖ್ಯೆ ಇರಬೇಕೆಂಬ ನಿಯಮ ನಿಜಕ್ಕೂ ಇದೆಯೇ? ಇದ್ದರೆ ಯಾವ ಲೆಕ್ಕ, ಯಾರು ಎಣಿಸಿದ್ದು?

ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಮಾನ್ಯರೇ, ಜನಗಣತಿಯ ಕರ್ತವ್ಯ ಮಾಡಿದವನಾಗಿ ಎಣಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ. ಬಸ್ಸಿನ ವಿಚಾರವನ್ನು ಆ ಇಲಾಖೆಯವರು ಹೇಳಲಿ.

ಜನಗಣತಿಯ ಮೂಲ ಘಟಕ ಕಂದಾಯ ಗ್ರಾಮ. ಒಂದು ಗ್ರಾಮಕ್ಕೆ ಹತ್ತು ಮಜರೆಗಳಿದ್ದರೂ ಪ್ರಕಟವಾಗುವ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು. ಜನರೇ ಇಲ್ಲದ ಬೇಚರಾಕ್ ಗ್ರಾಮಗಳಿಗೂ ಒಂದು ಸಾಲು ಇರುತ್ತದೆ. ಗಣತಿಯ ಜೊತೆಗೆ ಸಿದ್ಧವಾಗುವ ಗ್ರಾಮ ಸೌಲಭ್ಯಗಳ ಕೈಪಿಡಿಯಲ್ಲಿ ಬಸ್ಸಿನ ಬಗ್ಗೆಯೂ ಒಂದು ಕಲಂ ಇದೆ. ಗ್ರಾಮದಲ್ಲಿ ಬಸ್ಸು ಸೌಲಭ್ಯ ಇದೆಯೇ ಎಂದು ಅದು ಕೇಳುತ್ತದೆ. ಇಲ್ಲದಿದ್ದರೆ ಹತ್ತಿರದ ಸೌಲಭ್ಯ 5 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆಯೋ, 5ರಿಂದ 10ರ ಒಳಗಿದೆಯೋ, 10ಕ್ಕೂ ಹೆಚ್ಚೋ ಎಂದು ಬರೆಯಬೇಕು. ದಿನಕ್ಕೆ ಎಷ್ಟು ಬಸ್ಸು, ಯಾವ ಹೊತ್ತಿಗೆ, ಮಳೆಗಾಲದಲ್ಲಿಯೂ ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಗ್ರಾಮದ ಗಡಿಯ ಒಂದು ಮೂಲೆಯಲ್ಲಿ ಮುಖ್ಯರಸ್ತೆ ಹಾದುಹೋಗಿ ಅಲ್ಲಿ ಬಸ್ಸು ನಿಂತರೆ, ಹಳ್ಳದಾಚೆಯ ಮಜರೆಯವರಿಗೂ ಬಸ್ಸು ಇದೆ ಎಂದೇ ಲೆಕ್ಕ. ನಿಮ್ಮ ಗ್ರಾಮದ ಮುಂದೆ ಏನು ಬರೆದಿದೆ ಎಂದು ಒಮ್ಮೆ ನೋಡಿಕೊಳ್ಳಿ. ಇದೆ ಎಂದೇ ಬರೆದಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಇನ್ನೊಂದು ವಿಷಯ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಅದರ ಅಂಕಿಅಂಶಗಳು ಕೈಗೆ ಬರುವ ತನಕ, 2011ರಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು ಇಂದು ಕಾಲೇಜಿಗೆ ಬಸ್ಸು ಕೇಳಿದರೂ ಅಧಿಕಾರಿಗಳ ಕಡತದಲ್ಲಿ ಅದು ಅಂಗನವಾಡಿಯ ಮಗುವೇ.

ಸಿಂದಗಿ ಕಡೆಯವರು

ಮೇಷ್ಟ್ರು ಹೇಳಿದ ಎಣಿಕೆಯ ಮಾತಿಗೆ ನಮ್ಮ ಕಡೆಯ ಒಂದು ಸಂಗತಿಯನ್ನು ಸೇರಿಸಬೇಕೆನಿಸುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಊರುಗಳು ದೊಡ್ಡವು. ಆದ್ದರಿಂದ ನಿಮ್ಮ ಮಲೆನಾಡಿನ ತೊಂದರೆ ಊರಿನ ಒಳಗಿರುವವರಿಗೆ ಅಷ್ಟಿಲ್ಲ. ತೊಂದರೆಯಿರುವುದು ತಾಂಡಾಗಳಿಗೆ. ಬಹಳ ಕಾಲ ತಾಂಡಾಗಳಿಗೆ ಸ್ವಂತ ದಾಖಲೆಯೇ ಇರಲಿಲ್ಲ. ಪಕ್ಕದ ಕಂದಾಯ ಗ್ರಾಮದ ಬಾಲದಂತೆ ಇದ್ದವು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಇಂಥ ದಾಖಲೆರಹಿತ 1,475 ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ್ದು ಹಲವರಿಗೆ ನೆನಪಿರಬಹುದು. ಅಂದರೆ 2011ರ ಪಟ್ಟಿಯಲ್ಲಿ ಈ ಊರುಗಳಿಗೆ ತಮ್ಮದೇ ಸಾಲು ಇರಲಿಲ್ಲ. ಸಾಲೇ ಇಲ್ಲದ ಊರಿನ ಜನಸಂಖ್ಯೆ ಎಷ್ಟೆಂದು ಸಾರಿಗೆ ಕಚೇರಿಯವರು ಎಲ್ಲಿ ನೋಡಬೇಕು?

ಇದಕ್ಕಿಂತ ದೊಡ್ಡದು ಗುಳೆಯ ಪ್ರಶ್ನೆ. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ತಾಂಡಾಗಳ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವೆಯ ಮತ್ತು ಪುಣೆಯ ಕಟ್ಟಡ ಕೆಲಸಗಳಿಗೆ ಹೊರಡುತ್ತವೆ. ಮುದುಕರು ಮತ್ತು ಅವರ ಕೈಗೆ ಒಪ್ಪಿಸಿದ ಮಕ್ಕಳು ಉಳಿಯುತ್ತಾರೆ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಅಂದರೆ ಸರಿಯಾಗಿ ಗುಳೆಯ ನಡುವೆ. ಆ ಇಪ್ಪತ್ತು ದಿನವೂ ಮನೆಯಲ್ಲಿ ಇಲ್ಲದವರನ್ನು ಇದ್ದಲ್ಲಿಯೇ ಎಣಿಸಬೇಕೆಂಬುದು ನಿಯಮ. ಹಾಗಾಗಿ ಇಲ್ಲಿನ ಎಷ್ಟೋ ಜನ, ಎಣಿಕೆಯಾಗಿದ್ದರೆ, ಸಾಂಗ್ಲಿಯಲ್ಲೋ ಸೊಲ್ಲಾಪುರದಲ್ಲೋ ಎಣಿಕೆಯಾಗಿರುತ್ತಾರೆ. ಜೂನ್‌ನಲ್ಲಿ ಬಿತ್ತನೆಗೆ ಎಲ್ಲರೂ ಮರಳಿದಾಗ ಸಿಂದಗಿಗೆ ಹೋಗುವ ಟಂಟಂಗಳಲ್ಲಿ ಜನ ಹಿಂದೆ ಜೋತುಬಿದ್ದು ಹೋಗುವುದನ್ನು ನೋಡಿದರೆ, ಕಾಗದದ ಮೇಲಿನ ಸಂಖ್ಯೆ ಯಾವ ತಿಂಗಳದ್ದು ಎಂದು ಕೇಳಬೇಕೆನಿಸುತ್ತದೆ. 2027ರ ಎಣಿಕೆಯೂ ಮಾರ್ಚ್ 1ಕ್ಕೆ ಮುಂಚಿನ ಅದೇ ಫೆಬ್ರವರಿಯಲ್ಲಿಯೇ.

ಕೊಪ್ಪ ಸೀಮೆಯವರು

ಗುಳೆಯ ಮಾತು ನಮಗೆ ತಿರುಗುಮುರುಗಾಗಿ ಅನ್ವಯಿಸುತ್ತದೆ. ಫೆಬ್ರವರಿಯಲ್ಲಿ ಇಲ್ಲಿ ರೊಬಸ್ಟಾ ಕಾಫಿಯ ಕೊಯ್ಲು. ಎಸ್ಟೇಟುಗಳ ಕೂಲಿ ಲೈನುಗಳು ಹೊರಗಿನ ಕಾರ್ಮಿಕರಿಂದ ತುಂಬಿರುತ್ತವೆ. ಎಂದರೆ ನಮ್ಮ ಜಿಲ್ಲೆಯ ಸಂಖ್ಯೆ ವರ್ಷದ ಬೇರೆ ತಿಂಗಳುಗಳಲ್ಲಿ ಇನ್ನೂ ಕಡಿಮೆಯಿದ್ದರೂ ಇರಬಹುದು. ಅದು ನನ್ನ ವಾದಕ್ಕೆ ಅನುಕೂಲವಾಗುವುದಿಲ್ಲ, ಆದರೂ ಹೇಳಬೇಕಾದ ಮಾತು.

ಬೆಂಗಳೂರು ನಿವಾಸಿ, ಮೂಲ ಶೃಂಗೇರಿ

ಕಟುವಾಗಿ ಕೇಳಿಸಿದರೆ ಕ್ಷಮೆಯಿರಲಿ. ಜನ ಕಡಿಮೆಯಾಗುತ್ತಿರುವ ಊರಿಗೆ ಐವತ್ತು ಆಸನದ ಬಸ್ಸನ್ನು ಓಡಿಸಿ ಅದರ ನಷ್ಟವನ್ನು ಎಲ್ಲರ ತೆರಿಗೆಯಿಂದ ತುಂಬುವುದು ಯಾವ ನ್ಯಾಯ? ನಮ್ಮ ಊರಿನಲ್ಲಿ ಇಂದು ಮನೆಗೊಂದು ಬೈಕು ಅಥವಾ ಕಾರು ಇದೆ. ಬಸ್ಸು ಬೇಕು ಎಂದು ಅರ್ಜಿಗೆ ಸಹಿ ಹಾಕಿದವರೇ ಬಸ್ಸು ಬಂದ ಮೇಲೆ ತಮ್ಮ ಕಾರಿನಲ್ಲಿ ಅದನ್ನು ಹಿಂದಿಕ್ಕಿ ಹೋಗುವುದನ್ನು ನಾನು ನೋಡಿದ್ದೇನೆ. ಸಹಕಾರ ಸಾರಿಗೆಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಡೀಸೆಲ್ ದರ ಏರಿ, ಪ್ರಯಾಣಿಕರು ಸ್ವಂತ ವಾಹನಗಳಿಗೆ ಸರಿದ ಮೇಲೆ ಅಭಿಮಾನದಿಂದ ಮಾತ್ರ ಬಸ್ಸು ಓಡುವುದಿಲ್ಲ.

ಡಿಪೋ ನೌಕರ

ಮೊದಲ ಪ್ರಶ್ನೆಗೆ ನೇರ ಉತ್ತರ: ಇಷ್ಟು ಜನಸಂಖ್ಯೆಗೆ ಇಷ್ಟು ಬಸ್ಸು ಎಂಬ ಕೋಷ್ಟಕವನ್ನು ಮುಂದಿಟ್ಟುಕೊಂಡು ನಾವು ಮಾರ್ಗ ನಿರ್ಧರಿಸುವುದಿಲ್ಲ. ಡಿಪೋದಲ್ಲಿ ನೋಡುವುದು ಇಪಿಕೆಎಂ, ಅಂದರೆ ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ಬಂದ ಆದಾಯ. ಜನಸಂಖ್ಯೆ ಕಡಿಮೆ ಎಂದು ಅರ್ಜಿಗೆ ಬರೆಯುವ ಹಿಂಬರಹ ಅದನ್ನೇ ಸುತ್ತಿಬಳಸಿ ಹೇಳುವ ರೀತಿ. ಒಂದು ಬಸ್ಸು, ಒಬ್ಬ ಚಾಲಕ, ಒಬ್ಬ ನಿರ್ವಾಹಕನನ್ನು ದಿನವಿಡೀ ತೊಡಗಿಸುವ ಶೆಡ್ಯೂಲಿನಲ್ಲಿ ನಿಮ್ಮ ಊರಿನ ಟ್ರಿಪ್ಪು ಒಂದು ತುಣುಕು. ಬೆಳಿಗ್ಗೆ ನಿಮ್ಮ ಊರಿಗೆ ಖಾಲಿ ಬಂದು, ತುಂಬಿಕೊಂಡು ಹೋಗುತ್ತದೆ. ಸಂಜೆ ತುಂಬಿಕೊಂಡು ಬಂದು ಖಾಲಿ ಹಿಂದಿರುಗುತ್ತದೆ. ಹಾಗಾಗಿ ತುಂಬಿದ ಬಸ್ಸಿನ ಆದಾಯವೂ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಅಲ್ಲಿಯೇ ತಂಗಿ ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸು ಇದಕ್ಕೆ ಹಳೆಯ ಪರಿಹಾರ. ಅದಕ್ಕೆ ನಮ್ಮವರಿಗೆ ಮಲಗಲು ಒಂದು ಕೋಣೆ, ಶೌಚಾಲಯ, ಬಸ್ಸು ತಿರುಗಿಸಲು ಜಾಗ ಬೇಕು. ಊರಿನವರು ಅರ್ಜಿಯಲ್ಲಿ ಬಸ್ಸು ಕೇಳುತ್ತಾರೆಯೇ ಹೊರತು ಕೋಣೆಯ ವಿಚಾರವನ್ನು ಎತ್ತುವುದಿಲ್ಲ. ಬಸ್ಸಿನೊಳಗೆ ಸೊಳ್ಳೆ ಕಚ್ಚಿಸಿಕೊಂಡು ರಾತ್ರಿ ಕಳೆದ ನಿರ್ವಾಹಕರು ಮುಂದಿನ ಬಾರಿ ಆ ಶೆಡ್ಯೂಲು ಬೇಡವೆನ್ನುವುದು ಸಹಜ.

ಬೆಂಗಳೂರಿನ ಮಿತ್ರರಿಗೆ ಒಂದು ಮಾತು. ಮನೆಗೊಂದು ಬೈಕಿದೆ ನಿಜ, ಅದರ ಕೀಲಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡುತ್ತಿದ್ದೇವೆ. ಯಾವ ಮಾರ್ಗದಲ್ಲಿ ಎಷ್ಟು ಮಹಿಳೆಯರು ಎಲ್ಲಿಂದ ಎಲ್ಲಿಗೆ ಹೋದರೆಂಬುದು ಈಗ ಯಂತ್ರದಲ್ಲಿ ದಾಖಲಾಗುತ್ತದೆ, ಆ ಟಿಕೆಟಿನ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಮೊದಲು ಮನೆಯಲ್ಲೇ ಉಳಿಯುತ್ತಿದ್ದವರು ಈಗ ಪ್ರಯಾಣಿಕರ ಲೆಕ್ಕಕ್ಕೆ ಬಂದಿದ್ದಾರೆ. ಬಸ್ಸು ಇರುವ ಕಡೆ ಜನ ಇದ್ದಾರೆ ಎಂದು ಕಾಣುತ್ತದೆ. ಇಲ್ಲದ ಕಡೆ ಜನವೇ ಇಲ್ಲವೆಂದು ಕಾಣುತ್ತದೆ.

ಹೆಬ್ರಿ ಕಡೆಯವರು

ಡಿಪೋ ನೌಕರರ ಕೊನೆಯ ವಾಕ್ಯವನ್ನು ನಮ್ಮ ಉಡುಪಿ, ದಕ್ಷಿಣ ಕನ್ನಡದವರು ಚೆನ್ನಾಗಿ ಬಲ್ಲರು. ಇಲ್ಲಿ ಬಹುತೇಕ ಮಾರ್ಗಗಳು ಖಾಸಗಿಯವರವು, ಶಕ್ತಿ ಯೋಜನೆ ಅನ್ವಯಿಸುವುದು ಸರ್ಕಾರಿ ಬಸ್ಸುಗಳಿಗೆ. ಹೀಗಾಗಿ ನಮ್ಮ ಒಳನಾಡಿನ ಮಹಿಳೆಯರು ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ವಿರಳ. ಖಾಸಗಿಯವರನ್ನು ದೂರಿ ಪ್ರಯೋಜನವಿಲ್ಲ. ಕರಾವಳಿಯ ಹಳ್ಳಿಗಳಿಗೆ ಮೊದಲು ಬಸ್ಸು ತಂದವರು ಅವರೇ. ಆದರೆ ಭಾನುವಾರ ಮತ್ತು ರಜಾದಿನಗಳಲ್ಲಿ ಕೊನೆಯ ಟ್ರಿಪ್ಪು ತಾನಾಗಿ ಮಾಯವಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುವುದಿಲ್ಲ. ಪರವಾನಗಿಯಲ್ಲಿ ವೇಳಾಪಟ್ಟಿ ಇರುತ್ತದೆ, ಅದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ ಪಡೆಯಬಹುದು. ನಮ್ಮೂರಿನವರು ಹಾಗೆ ಪ್ರತಿ ಪಡೆದು ಬಸ್ಸು ನಿಲ್ದಾಣದಲ್ಲಿ ಅಂಟಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ರಸ್ತೆ ಕಾಮಗಾರಿಯ ನಿವೃತ್ತ ಎಂಜಿನಿಯರ್

ಜನಸಂಖ್ಯೆಯ ಮಿತಿ ನಿಜವಾಗಿ ಲಿಖಿತ ರೂಪದಲ್ಲಿರುವುದು ಬಸ್ಸಿಗಲ್ಲ, ರಸ್ತೆಗೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, 2001ರ ಗಣತಿಯಂತೆ ಬಯಲು ಪ್ರದೇಶದಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ, ಗುಡ್ಡಗಾಡು ರಾಜ್ಯ, ಮರುಭೂಮಿ ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 250 ಮತ್ತು ಹೆಚ್ಚು ಜನರಿರುವ ಜನವಸತಿಗಳಿಗೆ ಸರ್ವಋತು ರಸ್ತೆ ಕೊಡಬೇಕೆಂದು ನಿಗದಿಯಾಯಿತು. ಇದರಲ್ಲಿ ಎರಡು ಸೂಕ್ಷ್ಮಗಳಿವೆ.

ಮೊದಲನೆಯದು, ಈ ಯೋಜನೆ ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನು ಘಟಕವಾಗಿ ತೆಗೆದುಕೊಂಡಿತು. ಇದು ಸರಿಯಾದ ಆಲೋಚನೆ. 500 ಮೀಟರ್ ತ್ರಿಜ್ಯದೊಳಗಿನ ವಸತಿಗಳನ್ನು ಒಟ್ಟುಗೂಡಿಸಿ ಎಣಿಸಲು ಅವಕಾಶವಿತ್ತು, ಗುಡ್ಡಗಾಡಿನಲ್ಲಿ ಈ ಅಂತರ ಕಾಲುದಾರಿಯ ಲೆಕ್ಕದಲ್ಲಿ ಒಂದೂವರೆ ಕಿಲೋಮೀಟರ್. ಎರಡನೆಯದು, ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿದ್ದವು ಈಶಾನ್ಯ ರಾಜ್ಯಗಳು, ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು ಮತ್ತು ಕಾಶ್ಮೀರ ಮುಂತಾದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಆಗುಂಬೆಯ ಮಳೆ, ಕುದುರೆಮುಖದ ಏರು ಏನೇ ಇದ್ದರೂ ಮಲೆನಾಡಿನ ಮಜರೆಗೆ ಬಯಲುಸೀಮೆಯ ಮಿತಿಯೇ ಅನ್ವಯ. ಮೂವತ್ತು ಮನೆಗಳ ಮಜರೆಯಲ್ಲಿ 500 ಜನ ಎಲ್ಲಿಂದ ಬರಬೇಕು? ಈ ಮಿತಿಯೊಳಗೆ ಬಾರದ ರಸ್ತೆಗಳಿಗೆಂದು ರಾಜ್ಯ ಸರ್ಕಾರ ಮುಂದೆ ನಮ್ಮ ಗ್ರಾಮ ನಮ್ಮ ರಸ್ತೆ ಯೋಜನೆ ತಂದಿತು. ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕವೇ ಗತಿಯಾಗಿದ್ದ ಕಡೆಗಳಲ್ಲಿ ಶಾಲಾ ಸಂಪರ್ಕ ಸೇತು ಹೆಸರಿನಲ್ಲಿ ಕಿರುಸೇತುವೆಗಳೂ ಆದವು. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದ ಸಡಕ್ ಯೋಜನೆಯ ನಾಲ್ಕನೆಯ ಹಂತದಲ್ಲಿ ದೇಶದಾದ್ಯಂತ 25,000 ವಸತಿಗಳನ್ನು 62,500 ಕಿಲೋಮೀಟರ್ ರಸ್ತೆಯಿಂದ ಜೋಡಿಸುವ ಗುರಿಯಿದೆ. ಅಲ್ಲಿ ಆಧಾರ 2011ರ ಗಣತಿ, ಬಯಲಿನ ಮಿತಿ ಈಗಲೂ 500.

ರಸ್ತೆ ಬಂದ ಮಾತ್ರಕ್ಕೆ ಬಸ್ಸು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಈ ಗ್ರಾಮೀಣ ರಸ್ತೆಗಳ ಡಾಂಬರು ಅಗಲ ಸಾಮಾನ್ಯವಾಗಿ 3.75 ಮೀಟರ್, ಸಂಚಾರ ಕಡಿಮೆಯಿರುವಲ್ಲಿ 3 ಮೀಟರ್. ಎದುರಿನಿಂದ ಅಡಿಕೆ ತುಂಬಿದ ಪಿಕಪ್ ಬಂದರೆ ಬಸ್ಸು ಹಿಂದಕ್ಕೆ ಹೋಗಬೇಕು. ರಸ್ತೆಯ ನಕ್ಷೆ ಬರೆಯುವಾಗಲೇ ಮುಂದೆ ಇಲ್ಲಿ ಬಸ್ಸು ಓಡುತ್ತದೆ ಎಂದು ಯೋಚಿಸಿ ತಿರುವಿನಲ್ಲಿ ಅಗಲ, ಕೊನೆಯಲ್ಲಿ ತಿರುಗುವ ಜಾಗ ಬಿಡಿಸಿದ ಉದಾಹರಣೆಗಳು ನನ್ನ ಸೇವಾವಧಿಯಲ್ಲಿ ವಿರಳವಾಗಿದ್ದವು.

ಹಿನ್ನೀರಿನವಳು, ಸಾಗರ ತಾಲ್ಲೂಕು

ಜನಸಂಖ್ಯೆ ಕಡಿಮೆ ಎಂಬ ಮಾತನ್ನು ಶರಾವತಿ ಹಿನ್ನೀರಿನವರಿಗಿಂತ ಹೆಚ್ಚು ಕೇಳಿದವರು ಇರಲಾರರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಮ್ಮ ಹಿರಿಯರ ಊರುಗಳು ಮುಳುಗಿ, ಹಲವರು ಬೇರೆಡೆಗೆ ಹೋದರು, ಉಳಿದವರು ನೀರಿನ ಆಚೆ ದಡದಲ್ಲಿ ಉಳಿದರು. ತುಮರಿ ಕಡೆಯ ಜನಸಂಖ್ಯೆ ಕಡಿಮೆಯಾದದ್ದು ನಾಡಿಗೆ ವಿದ್ಯುತ್ತು ಕೊಟ್ಟದ್ದರಿಂದ. ಆಮೇಲೆ ಆ ಕಡಿಮೆ ಜನಸಂಖ್ಯೆಯೇ ಸೇತುವೆ ತಡವಾಗುವುದಕ್ಕೆ ಸಮರ್ಥನೆಯಾಯಿತು. ಹೊಳೆಬಾಗಿಲಿನ ಲಾಂಚ್ ಸಂಜೆ ನಿಂತರೆ ಹೆರಿಗೆಯಾಗಲಿ ಹಾವಿನ ಕಡಿತವಾಗಲಿ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ದೂರದ ದಾರಿ ಸುತ್ತಬೇಕಿತ್ತು.

2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಸಂತೋಷವಾಯಿತು, ಕಣ್ಣೀರೂ ಬಂತು. ಆದರೆ ಅದು ನಮ್ಮ ತಲೆ ಎಣಿಸಿ ಕಟ್ಟಿದ ಸೇತುವೆ ಎಂದು ನಾನು ಭಾವಿಸುವುದಿಲ್ಲ. ಚೌಡೇಶ್ವರಿಯ ದರ್ಶನಕ್ಕೆ ಬರುವ ಭಕ್ತರ ವಾಹನಗಳ ಸಂಖ್ಯೆ ನಮಗಿಂತ ಬಹಳ ದೊಡ್ಡದು. ಈಗ ವಾಹನಗಳು ಹಗಲಿರುಳು ಓಡುತ್ತವೆ. ನನ್ನ ಅತ್ತೆ ಮಾತ್ರ ಸೇತುವೆಯ ರಸ್ತೆಯವರೆಗೆ ಬರಲು ಇಂದಿಗೂ ಯಾರದಾದರೂ ಬೈಕಿನ ಹಿಂದೆ ಕೂರಬೇಕು. ಬೆಂಗಳೂರಿನ ಅಣ್ಣನವರು ಕೇಳಿದ ನ್ಯಾಯದ ಪ್ರಶ್ನೆಗೆ ನನ್ನ ಮರುಪ್ರಶ್ನೆ: ಬೇರೆಯವರ ಉಪಯೋಗಕ್ಕಾಗಿ ಜನಸಂಖ್ಯೆ ಕಳೆದುಕೊಂಡ ಊರು, ಜನಸಂಖ್ಯೆಯ ಆಧಾರದ ಮೇಲೆ ಸೌಲಭ್ಯ ಕೇಳಬೇಕೆಂದರೆ ಹೇಗೆ?

ಬೆಂಗಳೂರು ನಿವಾಸಿ, ಮೂಲ ಶೃಂಗೇರಿ

ಅಕ್ಕ ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ದೊಡ್ಡ ಬಸ್ಸೇ ಬೇಕೆಂಬ ಹಟವನ್ನು ಮಾತ್ರ ಈಗಲೂ ಒಪ್ಪುವುದಿಲ್ಲ. ಕೇರಳದಲ್ಲಿ 2022ರಲ್ಲಿ ಗ್ರಾಮವಂಡಿ ಎಂಬ ವ್ಯವಸ್ಥೆ ಆರಂಭವಾಯಿತು. ಅಲ್ಲಿ ಬಸ್ಸು, ಸಿಬ್ಬಂದಿ ಮತ್ತು ನಿರ್ವಹಣೆ ಸರ್ಕಾರಿ ಸಾರಿಗೆ ನಿಗಮದ್ದು, ಡೀಸೆಲ್ ಖರ್ಚು ಸ್ಥಳೀಯ ಪಂಚಾಯಿತಿಯದು; ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಎಂಬುದನ್ನು ಪಂಚಾಯಿತಿಯ ಜೊತೆ ಕೂತು ತೀರ್ಮಾನಿಸುತ್ತಾರೆ. ಇಲ್ಲಿಯೂ ಎರಡು ಮೂರು ಪಂಚಾಯಿತಿಗಳು ಸೇರಿ ಮಿನಿ ಬಸ್ಸಿಗೆ ಹಾಗೆ ಮಾಡಬಾರದೇಕೆ?

ಡಿಪೋ ನೌಕರ

ಕೇರಳದ ಪಂಚಾಯಿತಿಗಳ ಜನಸಂಖ್ಯೆಯೂ ಆದಾಯವೂ ನಮ್ಮವುಗಳಿಗಿಂತ ಬಹಳ ದೊಡ್ಡದು. ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ ನೀರಿನ ಪಂಪಿನ ವಿದ್ಯುತ್ ಬಿಲ್ಲು ಕಟ್ಟಲು ಒದ್ದಾಡುತ್ತಿರುವಾಗ ಡೀಸೆಲ್ ಬಿಲ್ಲು ಯಾರು ಕಟ್ಟಬೇಕು? ಸರ್ಕಾರ ಪ್ರತ್ಯೇಕ ಅನುದಾನ ಕೊಟ್ಟರೆ ಆಗಬಹುದು.

ಕೊಪ್ಪದವರಿಗೆ ಕೆಲಸಕ್ಕೆ ಬರುವ ಒಂದು ಸಲಹೆ. ಮುಂದಿನ ಅರ್ಜಿಯಲ್ಲಿ ಗ್ರಾಮದ ಜನಸಂಖ್ಯೆಯನ್ನು ಬರೆಯಲೇಬೇಡಿ. ಯಾವ ಮಜರೆಯಿಂದ ಎಷ್ಟು ವಿದ್ಯಾರ್ಥಿಗಳು ಯಾವ ಕಾಲೇಜಿಗೆ, ಎಷ್ಟು ಗಂಟೆಗೆ ತಲುಪಬೇಕು. ಸಂತೆಯ ದಿನ ಎಷ್ಟು ಜನ. ಡಯಾಲಿಸಿಸ್‌ಗೆ, ತಿಂಗಳ ಔಷಧಿಗೆ ಹೋಗುವವರು ಎಷ್ಟು ಮಂದಿ. ಈಗ ಜೀಪಿಗೆ ಎಷ್ಟು ಕೊಡುತ್ತಿದ್ದಾರೆ, ಇಷ್ಟನ್ನು ಬರೆಯಿರಿ. ಪಕ್ಕದ ಎರಡು ಗ್ರಾಮಗಳನ್ನೂ ಸೇರಿಸಿಕೊಳ್ಳಿ, ಏಕೆಂದರೆ ಬಸ್ಸು ದಾರಿ ಹಿಡಿದು ಹೋಗುತ್ತದೆ, ಗ್ರಾಮದ ಗಡಿ ಹಿಡಿದು ಹೋಗುವುದಿಲ್ಲ. ಹೊಸ ಶೆಡ್ಯೂಲು ಕೇಳುವುದಕ್ಕಿಂತ, ಈಗ ಮುಖ್ಯರಸ್ತೆಯಲ್ಲಿ ಹೋಗುವ ಬಸ್ಸನ್ನು ಬೆಳಿಗ್ಗೆ ಮತ್ತು ಸಂಜೆ ನಿಮ್ಮ ಊರಿಗೆ ಹಾಯಿಸಿಕೊಂಡು ಹೋಗುವಂತೆ ಕೇಳುವುದು ಸುಲಭ. ವಿಭಾಗೀಯ ಸಂಚಾರ ಅಧಿಕಾರಿಗೆ ಒಂದು ಪ್ರತಿ, ಡಿಪೋ ವ್ಯವಸ್ಥಾಪಕರಿಗೆ ಒಂದು ಪ್ರತಿ.

ಕೊಪ್ಪ ಸೀಮೆಯವರು

ಮುಖ್ಯರಸ್ತೆಯ ಬಸ್ಸನ್ನು ಒಳಗೆ ತಿರುಗಿಸುವ ಆಲೋಚನೆ ನಮಗೆ ಹೊಳೆದಿರಲಿಲ್ಲ. ಆ ಬಸ್ಸಿನಲ್ಲಿ ಈಗಾಗಲೇ ಹೋಗುವವರು ಇಪ್ಪತ್ತು ನಿಮಿಷ ತಡವಾಗುತ್ತದೆಂದು ಆಕ್ಷೇಪಿಸಬಹುದು, ಅವರೊಂದಿಗೂ ಮೊದಲೇ ಮಾತನಾಡಬೇಕು. ಶಾಲೆಯ ಮೈದಾನದ ಪಕ್ಕದಲ್ಲಿ ಬಸ್ಸು ತಿರುಗುವಷ್ಟು ಜಾಗವಿದೆ. ಅದು ಅರಣ್ಯ ಇಲಾಖೆಯ ಗಡಿಯೊಳಗೆ ಬರುತ್ತದೆಯೋ ಎಂಬುದನ್ನು ಸರ್ವೆ ನಕ್ಷೆಯಲ್ಲಿ ನೋಡಬೇಕು. ಮಜರೆವಾರು ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಮತ್ತು ಹಾಲಿನ ಸೊಸೈಟಿಯವರ ನೆರವಿನಿಂದ ಮಳೆಗಾಲಕ್ಕೆ ಮುನ್ನ ಮುಗಿಸುತ್ತೇವೆ. ಕಾಲೇಜಿನ ವೇಳೆ ಬೇರೆ ಬೇರೆಯಾಗಿದ್ದರೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಡಿಪೋ ನೌಕರರು ತಿಳಿಸಿದರೆ ಉಪಕಾರವಾಗುತ್ತದೆ.

ಡಿಪೋ ನೌಕರ

ಮೊದಲು ಆರಂಭವಾಗುವ ಕಾಲೇಜಿನ ವೇಳೆ. ಸಂಜೆಗೆ, ಕೊನೆಗೆ ಬಿಡುವ ಕಾಲೇಜಿನ ವೇಳೆ.